ಹುಡುಗಿ ಬದುಕಲಿ, ಎಕೋ ಸಾಯಲಿ

ಓದುಗರ ಪತ್ರ: ಮಾನ್ಯರೇ, ಕುಮಟಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಜನವರಿಯ ಗ್ಯಾದರಿಂಗಿಗೆ (ಶಾಲೆಯ ವಾರ್ಷಿಕೋತ್ಸವಕ್ಕೆ) 40 ನಿಮಿಷದ ಯುದ್ಧದ ನಾಟಕ ಬರೆದಿದ್ದೇನೆ. ಗಡಿಯ ಹಳ್ಳಿಯಲ್ಲಿ ಕಾರವಾರ ಕಡೆಯ ಸೈನಿಕನಿಗೂ ಒಬ್ಬ ದಿಟ್ಟ ಅನಾಥ ಹುಡುಗಿಗೂ ಸ್ನೇಹವಾಗುತ್ತದೆ. ಹುಡುಗಿ ನೆಲಬಾಂಬ್ ಮೇಲೆ ಕಾಲಿಡುತ್ತಾಳೆ, ಸೈನಿಕ ಉಳಿಸುತ್ತಾನೆ. ಸಹೋದ್ಯೋಗಿಗಳು ‘ಹುಡುಗಿ ಸಾಯಲೇಬೇಕು, ಇಲ್ಲದಿದ್ದರೆ ಯಾರೂ ಅಳುವುದಿಲ್ಲ, ಕೊನೆಗೊಂದು ದೇಶಭಕ್ತಿ ಗೀತೆ ಹಾಕಿಬಿಡಿ’ ಎನ್ನುತ್ತಾರೆ. ನನಗೆ ಮನಸ್ಸಿಲ್ಲ. ಸೈನಿಕನಿಗೆ, ಪರಮವೀರ ಚಕ್ರ ಪಡೆದ ನಮ್ಮ ಕಾರವಾರದ ಮೇಜರ್ ರಾಮ ರಾಘೋಬಾ ರಾಣೆ ಅವರ ಹೆಸರನ್ನೇ ಇಟ್ಟರೆ ಊರವರಿಗೆ ಹತ್ತಿರವಾದೀತೇ? ತಿಳಿಸಿ.

ಸಂಪಾದಕರ ಉತ್ತರ: ಅಕ್ಕೋರೇ, ನಿಮ್ಮ ಸಹೋದ್ಯೋಗಿಗಳ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಯುದ್ಧದಲ್ಲಿ ಮಕ್ಕಳು ಸಾಯುತ್ತಾರೆ, ನಾಟಕಕ್ಕೆ ಬಂದವರಿಗೆ ಅಳುವ ಹಕ್ಕೂ ಇದೆ. ಅವರಿಗೆ ಇಷ್ಟು ಸಾಕು.

ಇನ್ನು ನಿಮ್ಮ ಪಕ್ಷ. ನಮ್ಮ ಕಡೆ ಮಕ್ಕಳ ಶೌರ್ಯ ನೋಡಿ ಜನ ಕಣ್ಣೊರೆಸಿಕೊಳ್ಳುವುದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆಯವರು ಯಕ್ಷಗಾನ ಮೇಳ ಕಟ್ಟಿದ್ದು 1934ರಲ್ಲಿ. ಅಭಿಮನ್ಯು, ಬಬ್ರುವಾಹನ, ಲವಕುಶರ ಕಾಳಗಗಳು ಅದಕ್ಕೂ ಹಿಂದಿನಿಂದ ಈ ಕರಾವಳಿಯ ಬಯಲುಗಳಲ್ಲಿ ಬೆಳಗು ಹಾಯಿಸಿವೆ. ಅಭಿಮನ್ಯು ಸುಭದ್ರೆಯ ಅಪ್ಪಣೆ ಕೇಳುವ ಭಾಗ ನೆನಪು ಮಾಡಿಕೊಳ್ಳಿ. ಅಳುವವಳು ತಾಯಿ. ಹುಡುಗ ಅವಳನ್ನು ಸಮಾಧಾನ ಮಾಡುತ್ತಾನೆ, ನಗಿಸಲು ನೋಡುತ್ತಾನೆ, ಕಾಲು ಮಾತ್ರ ಆಗಲೇ ರಣರಂಗದಲ್ಲಿದ್ದ ಹಾಗೆ ಕುಣಿಯುತ್ತಿರುತ್ತದೆ. ಪುಂಡುವೇಷದವನು, ಅಂದರೆ ಇಂಥ ಎಳೆಯ ವೀರನ ಪಾತ್ರ ಮಾಡುವವನು, ವಯಸ್ಸಿನಲ್ಲಿ ನಲವತ್ತು ದಾಟಿದ್ದರೂ ನಾವು ಅವನನ್ನು ಬಾಲಕನೆಂದೇ ನಂಬುವುದು ಆ ಕಾಲಿನ ಚುರುಕಿನಿಂದ. ನಿಮ್ಮ ಹುಡುಗಿಯೂ ಅಳಬಾರದು, ಭಾಷಣ ಮಾಡಲೂಬಾರದು. ಅವಳ ಕೈಗೆ ಒಂದು ಕೆಲಸ ಕೊಡಿ. ಗಂಟಲು ಕಟ್ಟುವುದು ಸೈನಿಕನ ಪಾಲಿಗಿರಲಿ.

ಕೆಲಸ ಎಂದೆ, ಅಲ್ಲಿಯೇ ನಿಮ್ಮ ಮೇಲೊಂದು ಆಕ್ಷೇಪಣೆ. ನೆಲಬಾಂಬ್ ದೃಶ್ಯದಲ್ಲಿ ಹುಡುಗಿ ಕಾಲಿಟ್ಟ ಕೂಡಲೇ ‘ಟಿಕ್’ ಎಂದು ಸದ್ದಾಗುತ್ತದೆ, ಅವಳು ಕಾಲೆತ್ತದೆ ನಿಲ್ಲುತ್ತಾಳೆ, ಸೈನಿಕ ಆ ಜಾಗಕ್ಕೆ ಕಲ್ಲು ಜಾರಿಸಿ ಅವಳನ್ನು ಎತ್ತಿಕೊಳ್ಳುತ್ತಾನೆ, ನಡುವೆ ಎರಡು ಪುಟ ಸಂಭಾಷಣೆ ಎಂದು ನಾನು ಊಹಿಸಿದರೆ ತಪ್ಪಾಗಲಿಕ್ಕಿಲ್ಲ. ಇದು ಸಿನಿಮಾದವರು ಸಾಕಿದ ಸುಳ್ಳು. ನೆಲಬಾಂಬುಗಳಲ್ಲಿ ಹೆಚ್ಚಿನವು ಒತ್ತಿದ ಕ್ಷಣವೇ ಸಿಡಿಯುತ್ತವೆ, ಕಾಲೆತ್ತುವವರೆಗೆ ಕಾಯುವ ಸೌಜನ್ಯ ಅವಕ್ಕಿಲ್ಲ. ಟ್ಯಾಂಕಿಗೆಂದು ಹೂತದ್ದಾದರೆ ಇನ್ನೊಂದು ತಮಾಷೆ: ಅದು ಸಿಡಿಯಲು ಸಾಮಾನ್ಯವಾಗಿ ನೂರು ಕಿಲೋಗೂ ಮಿಕ್ಕಿದ ಭಾರ ಬೀಳಬೇಕು, ನಿಮ್ಮ ಎಂಟನೇ ಇಯತ್ತೆಯ ಹುಡುಗಿ ಅದರ ಮೇಲೆ ಕುಂಟಾಬಿಲ್ಲೆ ಆಡಿದರೂ ಏನೂ ಆಗದೇ ಹೋದೀತು. ಹಾಗೆಂದು ಆಡಿಸುವ ಧೈರ್ಯ ಯಾರೂ ಮಾಡುವುದಿಲ್ಲ, ಆ ಮಾತು ಬೇರೆ.

ಹಾಗಾದರೆ ನೆಲಬಾಂಬ್ ಹುಡುಕುವ ನಿಜವಾದ ಕೆಲಸ ಹೇಗೆ? ಬಯೊನೆಟ್ಟನ್ನು, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿಯನ್ನು, ನೆಟ್ಟಗೆ ಚುಚ್ಚುವುದಿಲ್ಲ. ಹೊಟ್ಟೆಯ ಮೇಲೆ ಮಲಗಿ, ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ, ಮೆಲ್ಲಗೆ ತೂರಿಸುತ್ತಾರೆ. ಮೇಲಿಂದ ಚುಚ್ಚಿದರೆ ಮೊನೆ ಒತ್ತುವ ತಟ್ಟೆಗೇ ತಾಗುತ್ತದೆ, ಓರೆಯಾಗಿ ತೂರಿದರೆ ಬಾಂಬಿನ ಪಕ್ಕೆಗೆ ತಾಗುತ್ತದೆ. ಏನೂ ಸಿಗದಿದ್ದರೆ ನಾಲ್ಕು ಬೆರಳು ಸರಿದು ಮತ್ತೆ ತೂರಬೇಕು. ಗಟ್ಟಿ ಏನೋ ತಾಗಿದರೆ ಬಯೊನೆಟ್ ಬದಿಗಿಟ್ಟು ಕೈಯಿಂದ ಮಣ್ಣು ಸರಿಸಬೇಕು. ಹಸನಾದ ದಾರಿಯ ಗುರುತಿಗೆ ಬಿಳಿ ಹತ್ತಿಯ ಪಟ್ಟಿ ಹಾಸುತ್ತ ಹೋಗುತ್ತಾರೆ, ಹಿಂದೆ ಬರುವವರು ಅದನ್ನು ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬಾರದು.

ಆ ಬಿಳಿ ಪಟ್ಟಿಯೇ ನಿಮ್ಮ ನಾಟಕ. ಪಟ್ಟಿಯ ಉರುಳೆ ಹುಡುಗಿಯ ಕೈಯಲ್ಲಿರಲಿ, ತುದಿ ಸೈನಿಕನ ಸೊಂಟದಲ್ಲಿ. ಅವಳು ಸುರಕ್ಷಿತ ಜಾಗದಲ್ಲಿ, ರಂಗದ ಎಡ ಮೂಲೆಯಲ್ಲಿ, ಜನರಿಗೆ ಮುಖ ಮಾಡಿ ಕೂತಿದ್ದಾಳೆ. ಅವನು ತೆವಳುತ್ತ ಬಲಕ್ಕೆ, ಬೆಳಕಿನಾಚೆ ಹೋಗುತ್ತಾನೆ. ಇನ್ನು ಕಾಣುವುದು ಅವಳ ಕೈಯ ಉರುಳೆ ಮಾತ್ರ: ಒಂದಿಷ್ಟು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಒಮ್ಮೆ ನಿಂತದ್ದು ತಿರುಗುವುದೇ ಇಲ್ಲ. ಹುಡುಗಿ ಕೂಗುವುದಿಲ್ಲ, ಏಳುವುದೂ ಇಲ್ಲ. ಎದ್ದು ಓಡಬೇಡ ಎಂದು ಅವನು ಹೇಳಿಹೋಗಿದ್ದಾನೆ, ಅವಳು ಮಾತು ಕೊಟ್ಟಿದ್ದಾಳೆ. ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು, ಎಳೆಯದೆ, ಅದರ ಬಿಗಿ ನೋಡುತ್ತಾಳೆ. ಇದಕ್ಕೆ ಮೂರು ನಿಮಿಷ ಕೊಡಿ, ಒಂದು ಮಾತೂ ಬೇಡ.

ಉರುಳೆಯ ಬಗ್ಗೆ ಎಚ್ಚರ. ಪಟ್ಟಿಗೆ ಒಂದಿಂಚಿನ ಹತ್ತಿ ಲಾಡಿ ಸಾಕು, 15 ಮೀಟರ್. ಗಿಫ್ಟಿಗೆ ಕಟ್ಟುವ ರಿಬ್ಬನ್ ಬೇಡ, ಅದು ದೀಪಕ್ಕೆ ಮಿಂಚುತ್ತದೆ, ಜಾರುತ್ತದೆ, ಮದುವೆ ಮಂಟಪದ ನೆನಪಾಗುತ್ತದೆ. ಬಿದಿರಿನ ಒಂದು ಗೆಣ್ಣಿಗೆ ಸುತ್ತಿ ನಡುವೆ ಕೋಲು ತೂರಿಸಿ. ಎಲ್ಲರೂ ಎಡವುವುದು ಮುಂದೆ: ಸಡಿಲ ಉರುಳೆ ಲಾಡಿ ನಿಂತ ಮೇಲೂ ತನ್ನ ಓಟಕ್ಕೆ ಎರಡು ಸುತ್ತು ಹೆಚ್ಚು ತಿರುಗಿ ದೃಶ್ಯ ಕೆಡಿಸುತ್ತದೆ. ಸೈಕಲ್ ಟ್ಯೂಬಿನ ತುಂಡೊಂದನ್ನು ಕೋಲಿಗೂ ಬಿದಿರಿಗೂ ನಡುವೆ ಸಿಕ್ಕಿಸಿದರೆ ಎಳೆದಷ್ಟೇ ತಿರುಗುತ್ತದೆ. ಒಳಗಿನ ಕೊನೆಯ ಸುತ್ತನ್ನು ಬಿದಿರಿಗೆ ಕಟ್ಟಿಡಿ, ಇಲ್ಲದಿದ್ದರೆ ಉತ್ಸಾಹದಲ್ಲಿ ನಿಮ್ಮ ಸೈನಿಕ ಪಟ್ಟಿಯನ್ನೆಲ್ಲ ಎಳೆದುಕೊಂಡು ಗ್ರೀನ್ ರೂಮಿಗೆ ಹೋದಾನು.

ರಾಣೆಯವರ ಪ್ರಶ್ನೆಗೆ ನನ್ನ ಉತ್ತರ: ಬೇಡ. ಕಾರವಾರ ತಾಲೂಕಿನ ಚೆಂಡಿಯಾದಲ್ಲಿ 1918ರಲ್ಲಿ ಹುಟ್ಟಿದ ಅವರ ಕಥೆಗೆ ನಾವು ಹೊಸದಾಗಿ ಮಗುವನ್ನು ಅಂಟಿಸಬೇಕಾಗಿಲ್ಲ. 1948ರ ಏಪ್ರಿಲ್ 8ರಿಂದ 11ರವರೆಗೆ, ಪಾಕಿಸ್ತಾನದ ಜತೆಗಿನ ಮೊದಲ ಯುದ್ಧದಲ್ಲಿ, ಜಮ್ಮುವಿನ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಅವರು ಮಾಡಿದ್ದು ಅಪ್ಪಟ ಕೈಕೆಲಸ. ಮೊದಲ ದಿನವೇ ಮಾರ್ಟರ್ ಗುಂಡಿಗೆ ಅವರ ತುಕಡಿಯ ಇಬ್ಬರು ಸತ್ತು ಐವರು ಗಾಯಗೊಂಡರು, ಆ ಐವರಲ್ಲಿ ಅವರೂ ಒಬ್ಬರು. ಆಮೇಲೂ ನೆಲಬಾಂಬ್ ತೆಗೆದರು, ದಾರಿಗೆ ಅಡ್ಡ ಕೆಡವಿದ್ದ ಪೈನ್ ಮರಗಳನ್ನು ತೆರವು ಮಾಡಿಸಿದರು. ಚಲಿಸುವ ಟ್ಯಾಂಕಿನ ಅಡಿಗೆ ತೆವಳಿ, ಅದರ ವೇಗಕ್ಕೆ ಸಮನಾಗಿ ಸರಿಯುತ್ತ, ಒಳಗಿನ ಚಾಲಕನಿಗೆ ಹಗ್ಗ ಜಗ್ಗಿ ಸನ್ನೆ ಮಾಡಿ ಬಾಂಬುಗಳ ನಡುವೆ ದಾಟಿಸಿದರು. ಆಗ ಅವರಿಗೆ 29 ವರ್ಷ. ಬದುಕಿರುವಾಗಲೇ ಪರಮವೀರ ಚಕ್ರ ಪಡೆದವರಲ್ಲಿ ಮೊದಲಿಗರು. ಕಾರವಾರದ ಕಡಲತೀರದಲ್ಲಿ ಅವರ ಪುತ್ಥಳಿಯ ಮುಂದೆ ಸೆಲ್ಫಿ ತೆಗೆಸಿಕೊಳ್ಳುವ ಹತ್ತು ಮಂದಿಯನ್ನು ನಿಲ್ಲಿಸಿ ‘ಇವರು ಏನು ಮಾಡಿದರು?’ ಎಂದು ಕೇಳಿ ನೋಡಿ. ‘ಗಡಿಯಲ್ಲಿ ಹೋರಾಡಿದರು’ ಎಂದಾರು. ಹಗ್ಗದ ಸುದ್ದಿ ಎಷ್ಟು ಜನರ ಬಾಯಲ್ಲಿ ಬಂದೀತು?

ನಿಮ್ಮ ಸೈನಿಕ ಹೆಸರಿಲ್ಲದ ಸ್ಯಾಪರ್ (ನೆಲಬಾಂಬ್ ತೆಗೆದು ದಾರಿ ಮಾಡುವ ಸೈನಿಕ) ಆಗಿರಲಿ. ಮಗುವಿಗೆ ಮಾತ್ರ ಚರಿತ್ರೆಯೇ ಬೇಕೆಂದರೆ ಅದೇ ನೌಶೇರಾದಲ್ಲಿ ಸಿಗುತ್ತದೆ. ಅಲ್ಲಿ ಸೇನೆಯ ಬ್ರಿಗೇಡೊಂದರ ಮುಖ್ಯಸ್ಥರಾಗಿದ್ದ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಊರಿನ ಅನಾಥ ಹುಡುಗರನ್ನು ಕೂಡಿಸಿ ‘ಬಾಲಕ ಸೇನೆ’ ಕಟ್ಟಿದರು, ಅವರ ಓದಿಗೂ ತರಬೇತಿಗೂ ಏರ್ಪಾಡು ಮಾಡಿದರು. 1948ರ ಫೆಬ್ರುವರಿಯ ಕಾಳಗದಲ್ಲಿ ಅವರಲ್ಲಿ ಕೆಲವರು ಗುಂಡಿನ ನಡುವೆ ಸಂದೇಶ ಮುಟ್ಟಿಸಿದರು. ಮೂವರಿಗೆ ನೆಹರೂ ಚಿನ್ನದ ವಾಚು ಕೊಟ್ಟರು. ಶತ್ರುಗಳ ಪಾಲಾಗಿದ್ದ ಝಂಗರ್ ಊರು ಮರಳಿ ಕೈಗೆ ಬರುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಪಣ ತೊಟ್ಟು ನೆಲದ ಮೇಲೆ ಚಾಪೆಯಲ್ಲೇ ಮಲಗಿದ ಮನುಷ್ಯ ಉಸ್ಮಾನ್. ಮಾರ್ಚಿನಲ್ಲಿ ಝಂಗರ್ ಗೆದ್ದರು, ಜುಲೈ 3ರಂದು ಅಲ್ಲಿಯೇ ಶೆಲ್ ಸಿಡಿದು ತೀರಿಕೊಂಡರು. 36 ತುಂಬಲು ಹನ್ನೆರಡು ದಿನ ಬಾಕಿಯಿತ್ತು.

ಸೈನಿಕ, ಅನಾಥ ಮಗು, ಧೈರ್ಯ, ಅಗಲಿಕೆ ಎಲ್ಲ ಇಲ್ಲೇ ಇರುವಾಗ ಸಿನಿಮಾದಿಂದ ‘ಟಿಕ್’ ಕಡ ತಂದಿರಲ್ಲ, ಅದಕ್ಕೇ ನನ್ನ ಸಿಟ್ಟು. ಮಕ್ಕಳನ್ನು ಗುಂಡಿನ ನಡುವೆ ಕಳಿಸಿದ್ದು ಸರಿಯೇ ಎಂದು ಇಂದು ಯಾರಾದರೂ ಕೇಳಿದರೆ, ಕೇಳಲಿ. ಹದಿನೈದರೊಳಗಿನವರನ್ನು ಯುದ್ಧಕ್ಕೆ ಸೇರಿಸಬಾರದೆಂದು 1977ರ ಜಿನೀವಾ ಪ್ರೋಟೋಕಾಲ್ ಹೇಳುತ್ತದೆ. ಆ ಕಸಿವಿಸಿಯನ್ನು ನಾಟಕದಿಂದ ಹೊರಗಿಡಬೇಡಿ. ಮುಟ್ಟಿಸಬೇಕಾದ ಸಂದೇಶದ ಚೀಟಿ ಕೊಡುವಾಗ ಸೈನಿಕ ಮಗುವಿನ ಬರಿಗಾಲು ನೋಡಲಿ, ಚೀಟಿಯನ್ನು ಒಮ್ಮೆ ಹಿಂದಕ್ಕೆ ಎಳೆದುಕೊಳ್ಳಲಿ. ಬಾಲಕ ಸೇನೆಯಲ್ಲಿದ್ದದ್ದು ಹುಡುಗರು ಎಂದು ಯಾರಾದರೂ ತಕರಾರು ತೆಗೆದರೆ, ಗಂಡಸರೇ ಸುಭದ್ರೆಯಾದ ಊರು ನಮ್ಮದು, ಹುಡುಗಿ ಹುಡುಗನಾಗಲಿ ಬಿಡಿ ಎನ್ನಿ.

ಉಳಿದ ಸಾಮಾನು. ಅಂಗಡಿಯ ಪ್ಲಾಸ್ಟಿಕ್ ಬಂದೂಕು ಖಂಡಿತ ಬೇಡ. ಆ ಕಾಲದ ಲೀ-ಎನ್‌ಫೀಲ್ಡ್ ರೈಫಲ್ ನಾಲ್ಕು ಕಿಲೋ ತೂಗುತ್ತಿತ್ತು, ಉದ್ದ ಮೂರೂಮುಕ್ಕಾಲು ಅಡಿ. ಹಗುರದ್ದು ಕೊಟ್ಟರೆ ಹುಡುಗ ಅದನ್ನು ಹಿಡಿಕಟ್ಟಿನ ಹಾಗೆ ಬೀಸುತ್ತಾನೆ, ಭುಜ ಜಗ್ಗುವುದೇ ಇಲ್ಲ. ಮರದ್ದು ಮಾಡಿಸಿ ಒಳಗೆ ಕಬ್ಬಿಣದ ಸರಳು ಕೂಡಿಸಿ, ಮೂರು ಕಿಲೋ ಆದರೂ ಇರಲಿ. ಹತ್ತು ನಿಮಿಷ ಹೊತ್ತರೆ ನಡಿಗೆ ತಾನಾಗಿ ಬದಲಾಗುತ್ತದೆ. ಯುದ್ಧವೆಂದ ಕೂಡಲೇ ಹಿಮವೆಂದು ಹತ್ತಿ ಹಾಸುವ ಚಟ ನಮ್ಮ ಶಾಲೆಗಳಿಗಿದೆ. ಏಪ್ರಿಲ್ ತಿಂಗಳ ನೌಶೇರಾದಲ್ಲಿ ಹಿಮ ಎಲ್ಲಿಂದ ಬರಬೇಕು? ಪೈನ್ ಮರಕ್ಕೆ ನಮ್ಮ ಕಡಲತೀರದ ಗಾಳಿಮರದ ಗೆಲ್ಲು ತನ್ನಿ, ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ. ಹಿಂದಿನ ದಿನ ಕಡಿದರೆ ಸಾಕು, ಮೂರು ದಿನ ಮೊದಲೇ ತಂದಿಟ್ಟರೆ ಕಡ್ಡಿ ಉದುರಿ ತೆವಳುವವನ ಮೊಣಕೈ ಸುಲಿಯುತ್ತದೆ.

ದೂರದ ಫಿರಂಗಿಗೆ ಸಪಾಟು ತಗಡು, ಆರಡಿ ಉದ್ದ, ಮೂರಡಿ ಅಗಲ. ಮೇಲೆ ಎರಡು ತೂತು ಕೊರೆದು ತೂಗುಹಾಕಿ, ಕೆಳತುದಿ ಹಿಡಿದು ಅಲುಗಾಡಿಸಬೇಕು. ಮಾಡಿಗೆ ಹಾಕುವ ಅಲೆ ತಗಡು ಉಪಯೋಗವಿಲ್ಲ, ಆ ಅಲೆಗಳೇ ಅದನ್ನು ಬಿಗಿ ಮಾಡಿಬಿಟ್ಟಿರುತ್ತವೆ, ಗುಡುಗುವ ಬದಲು ಕಟಕಟ ಎನ್ನುತ್ತದೆ. ಹೊಗೆ ಯಂತ್ರ ತರುವುದಿದ್ದರೆ ಒಂದೆರಡು ಬಾರಿಗಿಂತ ಹೆಚ್ಚು ಊದಿಸಬೇಡಿ, ಹಲಗೆ ಜಿಡ್ಡಾಗಿ ಮಕ್ಕಳು ಜಾರುತ್ತಾರೆ. ಬಯಲು ರಂಗವಾದರೆ ಗಾಳಿಯ ಲೆಕ್ಕ ಹಾಕಿ: ಸಂಜೆಯ ತನಕ ಕಡಲಿನಿಂದ ಬೀಸುವುದು ರಾತ್ರಿ ತಿರುಗಿ ಘಟ್ಟದಿಂದ ಕಡಲಿಗೆ ಬೀಸುತ್ತದೆ. ಸಂಜೆ ರಿಹರ್ಸಲಿನಲ್ಲಿ ಹಿಂದಕ್ಕೆ ಹೋದ ಹೊಗೆ ರಾತ್ರಿ ಹತ್ತಕ್ಕೆ ನೇರ ಮುಖ್ಯ ಅತಿಥಿಗಳ ಮೂಗಿಗೆ ಬರುತ್ತದೆ. ಅವರಲ್ಲಿ ಕೆಲವರಿಗೆ ಅದು ಬೇಕಾದದ್ದೇ, ಅದಿರಲಿ.

ಸೌಂಡಿನವನ ವಿಷಯಕ್ಕೆ ಬಂದರೆ ನನ್ನ ರಕ್ತದೊತ್ತಡ ಏರುತ್ತದೆ. ಎಂಟನೇ ಇಯತ್ತೆಯ ಮಗು ‘ನಾನು ಓಡುವುದಿಲ್ಲ’ ಎಂದರೆ ಸಭಿಕರಿಗೆ ಮುಟ್ಟುವುದು ‘ವುದಿಲ್ಲ ವುದಿಲ್ಲ ದಿಲ್ಲ’. ಯಾರು ಕೇಳಿದ್ದರು ಈ ಎಕೋವನ್ನು? ನಾಟಕಕ್ಕೆ ಮೊದಲು ಖುದ್ದು ಹೋಗಿ ಆ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಅಲ್ಲೇ ಒಬ್ಬ ನಂಬಿಗಸ್ತ ವಿದ್ಯಾರ್ಥಿಯನ್ನು ಕಾವಲಿಗೆ ಕೂರಿಸಿ. ಮೇಲಿಂದ ತೂಗುಬಿಡುವ ಮೈಕು ಫ್ಯಾನಿನ ಸದ್ದನ್ನೇ ಹೆಕ್ಕುತ್ತದೆ. ರಂಗದ ಮುಂಚೂಣಿಯಲ್ಲಿ ಸ್ಪಂಜಿನ ತುಂಡಿನ ಮೇಲೆ ಎರಡು ಮೈಕು ಇಟ್ಟರೆ ಮಕ್ಕಳ ದನಿ ಬರುತ್ತದೆ, ಹಲಗೆಯ ದಬದಬ ಬರುವುದಿಲ್ಲ.

ಕೊನೆಗೆ ಹಾಕಬೇಕೆಂದಿರುವ ಆ ದೇಶಭಕ್ತಿ ಗೀತೆ. ಪ್ರತಿ ಜನವರಿ ಹೊನ್ನಾವರದಿಂದ ಕಾರವಾರದ ತನಕ ಯಾವ ಗ್ಯಾದರಿಂಗಿಗೆ ಹೋದರೂ ಅದೇ ಹಾಡಿಗೆ ಅದೇ ಕುಣಿತ: ಪ್ಲಾಸ್ಟಿಕ್ ಬಂದೂಕಿನ ಹತ್ತು ಮಕ್ಕಳು ಹೊಟ್ಟೆಯ ಮೇಲೆ ತೆವಳುತ್ತಾರೆ, ಒಬ್ಬ ಸಾಯುತ್ತಾನೆ, ಬಾವುಟ ಬರುತ್ತದೆ, ಸತ್ತವನೂ ಎದ್ದು ಸೆಲ್ಯೂಟ್ ಹೊಡೆಯುತ್ತಾನೆ. ಪಾಲಕರು ಇಡೀ ಕುಣಿತವನ್ನು ಮೊಬೈಲಿನ ಒಳಗಿಂದ ನೋಡುತ್ತಾರೆ. ನಾಟಕ ಕಲಿಸಲು ಒಂದೂವರೆ ತಿಂಗಳು ಬೇಕು, ಈ ಕುಣಿತಕ್ಕೆ ನಾಲ್ಕು ಸಂಜೆ ಸಾಕು. ಹಾಗಾಗಿ ಶಾಲೆಗಳು ನಾಟಕ ಬಿಟ್ಟವು. ಬಾಯಿಪಾಠ ಬರುವ ಮಕ್ಕಳೂ ಈಗ ರೆಕಾರ್ಡಿಗೆ ತುಟಿ ಆಡಿಸುತ್ತಾರೆ. ದೇಶಕ್ಕಾಗಿ ಟ್ಯಾಂಕಿನಡಿ ಮಲಗಿದವನ ಜಿಲ್ಲೆಯಲ್ಲಿ ದೇಶಭಕ್ತಿಯೆಂದರೆ ಡಿಜೆಯವನ ಪೆನ್‌ಡ್ರೈವಿನ ಮೂರನೇ ಹಾಡು ಎಂದಾಗಿದೆ. ನೀವೊಬ್ಬರು ನಾಟಕ ಬರೆದಿದ್ದೀರಿ, ಅದಕ್ಕೆ ಇಷ್ಟುದ್ದ ಉತ್ತರ.

ಹುಡುಗಿಯನ್ನು ಉಳಿಸಿಕೊಳ್ಳಿ. ಸೈನಿಕ ಮರಳಿ ಬರುತ್ತಾನೋ ಇಲ್ಲವೋ ನಿಮಗೆ ಬಿಟ್ಟದ್ದು. ಬರದಿದ್ದರೆ ಕೊನೆಯ ದೃಶ್ಯಕ್ಕೆ ವಾಚು ಸಾಕು. ದೊಡ್ಡವರ ವಾಚು, ಮಗುವಿನ ಮಣಿಕಟ್ಟಿನಲ್ಲಿ ನಿಲ್ಲದು, ಮೊಣಕೈಗೆ ಜಾರುತ್ತದೆ. 1948ರ ವಾಚಿಗೆ ಸೆಲ್ ಇಲ್ಲ, ದಿನವೂ ಕೀಲಿ ಕೊಡಬೇಕು. ಹುಡುಗಿ ಕೂತು ಕೀಲಿ ಕೊಡುತ್ತಾಳೆ, ಕಿವಿಗೆ ಹಿಡಿಯುತ್ತಾಳೆ, ಪರದೆ. ಡಿಜಿಟಲ್ ವಾಚು ಕಟ್ಟಿಸಿ ಮಾನ ಕಳೆಯಬೇಡಿ. ಊರಲ್ಲಿ ಯಾವ ಅಜ್ಜನ ಪೆಟ್ಟಿಗೆಯಲ್ಲಾದರೂ ಹಳೆಯದು ಸಿಗುತ್ತದೆ, ನಡೆಯದಿದ್ದರೂ ಅಡ್ಡಿಯಿಲ್ಲ.

ಲಾಡಿಯನ್ನು ಮಾತ್ರ ಅಂಗಡಿಯಿಂದ ತಂದದ್ದೇ ಸುತ್ತಬೇಡಿ. ಹೊಸದರಲ್ಲಿ ಗಂಜಿ ಇರುತ್ತದೆ, ಸುರುಳಿಯಾಗಿ ನೆಟ್ಟಗೆ ನಿಲ್ಲುತ್ತದೆ, ನೆಲಕ್ಕೆ ಒರಗುವುದಿಲ್ಲ. ಎರಡು ಸಲ ತೊಳೆದು, ನೆರಳಲ್ಲಿ ಒಣಗಿಸಿ, ಆಮೇಲೆ ಸುತ್ತಿ.