ರಾಜೀನಾಮೆಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ನನ್ನ ಯಜಮಾನರಿಗೆ 44 ವರ್ಷ. ಪೀಣ್ಯದ ಕಾರ್ಖಾನೆಯೊಂದರಲ್ಲಿ 8 ವರ್ಷದಿಂದ ಮೆಷಿನ್ ಆಪರೇಟರ್, ಸಂಬಳ 18,000 ರೂಪಾಯಿ. ಪಿಎಫ್, ಇಎಸ್‌ಐ ಎರಡೂ ಕಡಿತವಾಗುತ್ತದೆ. ನಾಲ್ಕು ತಿಂಗಳ ಹಿಂದೆ ಮನೆಯಲ್ಲಿದ್ದಾಗ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ಕಳೆದುಕೊಂಡಿವೆ. ಗಾಬರಿಯಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಕಂಪನಿಯವರು ಒಂದು ತಿಂಗಳ ಸಂಬಳ ಕೊಟ್ಟರು. ಈಗ "ರಾಜೀನಾಮೆ ಬರೆದುಕೊಡಿ, ಪಿಎಫ್ ದುಡ್ಡು ಬೇಗ ಬಿಡಿಸಿಕೊಡುತ್ತೇವೆ" ಎನ್ನುತ್ತಿದ್ದಾರೆ. ಕೊಡಬಹುದೇ? ಅಂಗವಿಕಲರ ಪಿಂಚಣಿ ಸಿಗುತ್ತದೆಯೇ?

ಉತ್ತರ: ದಯವಿಟ್ಟು ಈಗಲೇ ರಾಜೀನಾಮೆ ಬರೆದುಕೊಡಬೇಡಿ. ನಿಮಗೆ ಸಿಗಬೇಕಾದ ಎರಡು ದೊಡ್ಡ ಸೌಲಭ್ಯಗಳು ಅವರು ಇನ್ನೂ ನೌಕರಿಯಲ್ಲಿದ್ದಾರೆ ಎಂಬುದರ ಮೇಲೆ ನಿಂತಿವೆ. ಕಾಗದಕ್ಕೆ ಸಹಿ ಬಿದ್ದಮೇಲೆ ಅವುಗಳಿಗಾಗಿ ಹೋರಾಡುವುದು ತುಂಬ ಕಷ್ಟ.

ಮೊದಲನೆಯದು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಇಎಸ್‌ಐ ಕೊಡುವ ಅಂಗವೈಕಲ್ಯ ಭತ್ಯೆ ಕೆಲಸದಿಂದಾದ ಗಾಯಕ್ಕೆ, ಕೆಲಸದಿಂದ ಬಂದ ರೋಗಕ್ಕೆ ಮಾತ್ರ. ಮನೆಯಲ್ಲಿ ಲಕ್ವ ಹೊಡೆದರೆ ಅದು ಅನ್ವಯಿಸುವುದಿಲ್ಲ. ಇದನ್ನು ಕೇಳಿ ಎಷ್ಟೋ ಕುಟುಂಬಗಳು ಇಎಸ್‌ಐ ಕಡೆಗೆ ತಿರುಗಿಯೂ ನೋಡುವುದಿಲ್ಲ. ಆದರೆ ಕಾಯಿಲೆಯ ಭತ್ಯೆ ಎಂಬ ಇನ್ನೊಂದು ದಾರಿ ಇದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ 91 ದಿನಗಳವರೆಗೆ ದಿನಗೂಲಿಯ ಶೇ 70ರಷ್ಟು ಸಿಗುತ್ತದೆ. ಅದು ಮುಗಿದಮೇಲೆ, 34 ದೀರ್ಘಕಾಲದ ಕಾಯಿಲೆಗಳಿಗೆ ವಿಸ್ತೃತ ಭತ್ಯೆ ಇದೆ. ಇದು ಶೇ 80ರ ದರದಲ್ಲಿ ಎರಡು ವರ್ಷದವರೆಗೂ ಸಿಗಬಹುದು. ದೇಹದ ಒಂದು ಪಾರ್ಶ್ವ ಸ್ವಾಧೀನ ತಪ್ಪುವುದು ಆ ಪಟ್ಟಿಯಲ್ಲಿದೆ. ಎರಡು ವರ್ಷದ ಸತತ ಸೇವೆ ಮತ್ತು ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಬೇಕು. 8 ವರ್ಷ ದುಡಿದವರಿಗೆ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. 18,000 ಸಂಬಳಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 480 ರೂಪಾಯಿ. ಮನೆ ಬಾಡಿಗೆ, ಮಕ್ಕಳ ಫೀಸು ನಿಲ್ಲದಂತೆ ನೋಡಿಕೊಳ್ಳುವ ಮೊತ್ತ ಇದು.

ಖಾಸಗಿ ಆಸ್ಪತ್ರೆಗೆ ಸೇರಿಸಿದಿರೆಂದು ಹಕ್ಕು ಹೋಗಿಬಿಡುವುದಿಲ್ಲ. ಡಿಸ್ಚಾರ್ಜ್ ಸಾರಾಂಶ, ಸ್ಕ್ಯಾನ್ ವರದಿ, ಔಷಧಿ ಚೀಟಿಗಳನ್ನೆಲ್ಲ ತೆಗೆದುಕೊಂಡು ನಿಮ್ಮ ಇಎಸ್‌ಐ ಔಷಧಾಲಯದ ವೈದ್ಯರ ಬಳಿ ಈ ವಾರವೇ ಹೋಗಿ. ಹಿಂದಿನ ಅವಧಿಗೆ ಅವನ್ನು ಪರ್ಯಾಯ ದಾಖಲೆಯಾಗಿ ಪರಿಗಣಿಸುವಂತೆ ಲಿಖಿತವಾಗಿ ಕೇಳಿ. ಮುಂದಿನ ಅವಧಿಗೆ ಅವರಿಂದಲೇ ರಜೆ ಪ್ರಮಾಣಪತ್ರ ಪಡೆಯಿರಿ, ಒಂದು ವಾರವೂ ತಪ್ಪಬಾರದು. ಪ್ರಮಾಣಪತ್ರದ ನಕಲನ್ನು ಕಂಪನಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಇಲ್ಲದಿದ್ದರೆ "ಹೇಳದೆ ಕೇಳದೆ ಗೈರು" ಎಂದು ಅವರು ಬರೆದುಕೊಳ್ಳುವ ಅಪಾಯ ಇದೆ. ಕಾಯಿಲೆಯ ಭತ್ಯೆ ಪಡೆಯುತ್ತಿರುವ ಕಾರ್ಮಿಕನನ್ನು ಮನಬಂದಂತೆ ವಜಾ ಮಾಡದಂತೆ ಇಎಸ್‌ಐ ಕಾನೂನು ಮೊದಲಿಂದಲೂ ಕಾಪಾಡಿಕೊಂಡು ಬಂದಿದೆ. ಕಂಪನಿಗಳಿಗೂ ಇದು ಗೊತ್ತು. ನೀವಾಗಿಯೇ ಬರೆದುಕೊಡಿ ಎಂದು ಒತ್ತಾಯಿಸುವುದು ಅದಕ್ಕೇ.

ಎರಡನೆಯದು ಪಿಎಫ್‌ನ ಜೊತೆಗಿರುವ ಪಿಂಚಣಿ ಯೋಜನೆ, ಅಂದರೆ ಇಪಿಎಸ್ 1995. ಹತ್ತು ವರ್ಷ ತುಂಬದಿದ್ದರೆ ಪಿಂಚಣಿ ಇಲ್ಲ ಎಂದೇ ಎಲ್ಲರೂ ಹೇಳುತ್ತಾರೆ. ನಿವೃತ್ತಿ ಪಿಂಚಣಿಯ ಮಟ್ಟಿಗೆ ಅದು ಸರಿ. ಆದರೆ ಸೇವೆಯಲ್ಲಿದ್ದಾಗ ಶಾಶ್ವತವಾಗಿ, ಪೂರ್ಣವಾಗಿ ದುಡಿಯಲಾರದ ಸ್ಥಿತಿಗೆ ಬಂದವರಿಗೆ ಹತ್ತು ವರ್ಷದ ನಿಯಮವಿಲ್ಲ, ಒಂದು ತಿಂಗಳ ವಂತಿಗೆ ಸಂದಾಯವಾಗಿದ್ದರೂ ಸಾಕು. ಆ ಸ್ಥಿತಿ ಕಾರ್ಖಾನೆಯಲ್ಲೇ ಬಂದಿರಬೇಕೆಂದೂ ಇಲ್ಲ. ಅರ್ಜಿ ನಮೂನೆ 10-ಡಿ, ನಂತರ ವೈದ್ಯಕೀಯ ಮಂಡಳಿಯ ಪರೀಕ್ಷೆ. 15,000 ರೂಪಾಯಿಯ ಮಿತಿ ಹಿಡಿದು 8 ವರ್ಷಕ್ಕೆ ತಿಂಗಳಿಗೆ ಸುಮಾರು 1,714 ರೂಪಾಯಿ ಆಗುತ್ತದೆ. ಚಿಕ್ಕ ಮೊತ್ತ ನಿಜ, ಆದರೆ ಜೀವನಪರ್ಯಂತ ಬರುತ್ತದೆ, ಅವರ ನಂತರ ನಿಮಗೂ ಕುಟುಂಬ ಪಿಂಚಣಿ ಇದೆ. ಕಂಪನಿಯವರು "ಬೇಗ ಬಿಡಿಸಿಕೊಡುತ್ತೇವೆ" ಎನ್ನುವಾಗ ಪಿಂಚಣಿ ನಿಧಿಯ ಹಣವನ್ನೂ ಹಿಂಪಡೆಯುವ ನಮೂನೆ 10-ಸಿಗೂ ಸಹಿ ಹಾಕಿಸಿಕೊಂಡರೆ ಈ ಪಿಂಚಣಿಯ ಬಾಗಿಲು ಮುಚ್ಚಿದಂತೆಯೇ. ತುರ್ತಾಗಿ ಹಣ ಬೇಕಿದ್ದರೆ ಸದಸ್ಯತ್ವ ಉಳಿಸಿಕೊಂಡೇ ಪಿಎಫ್ ಖಾತೆಯಿಂದ ಚಿಕಿತ್ಸೆಗೆಂದು ಮುಂಗಡ ಪಡೆಯಿರಿ.

ಇನ್ನು ಸರ್ಕಾರದ ಅಂಗವಿಕಲರ ಮಾಸಾಶನ. ಅದಕ್ಕೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಬೇಕು, ಕನಿಷ್ಠ ಶೇ 40 ನ್ಯೂನತೆ ಇರಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ. ಲಕ್ವದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕಳೆದಮೇಲೆ ಅಳೆಯುತ್ತಾರೆ, ಹಾಗಾಗಿ ಎರಡು ತಿಂಗಳು ಬಿಟ್ಟು ಹೋಗಿ. ಕರ್ನಾಟಕದಲ್ಲಿ ಶೇ 40ರಿಂದ 75ರವರೆಗೆ ತಿಂಗಳಿಗೆ 800, ಅದಕ್ಕಿಂತ ಹೆಚ್ಚಿದ್ದರೆ 1,400 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಆದಾಯದ ಮಿತಿ ತೀರಾ ಕಡಿಮೆ ಇರುವುದರಿಂದ ಇಎಸ್‌ಐ ಭತ್ಯೆ ಬರುತ್ತಿರುವಷ್ಟು ಕಾಲ ಇದು ಸಿಗುವುದು ಅನುಮಾನ. ಆದರೂ ಕಾರ್ಡ್ ಮಾಡಿಸಿಡಿ.

ವೈದ್ಯಕೀಯ ಮಂಡಳಿಯ ಮುಂದೆ ಹೋಗುವಾಗ ಒಂದು ವಿಷಯ ನೆನಪಿಡಿ. ನಮ್ಮ ಜನ ವೈದ್ಯರು "ಹೇಗಿದ್ದೀರಿ?" ಎಂದ ಕೂಡಲೇ "ಈಗ ಪರವಾಗಿಲ್ಲ ಸಾರ್" ಎನ್ನುತ್ತಾರೆ. ಅದು ಮರ್ಯಾದೆಯ ಮಾತು. ಆದರೆ ಕಡತದಲ್ಲಿ "ಸುಧಾರಿಸಿದೆ" ಎಂದು ದಾಖಲಾಗುತ್ತದೆ, ಅರ್ಜಿ ಅಲ್ಲೇ ಸೋಲುತ್ತದೆ. ಇದ್ದದ್ದನ್ನು ಇದ್ದಂತೆ ಹೇಳಲಿ: ಎಷ್ಟು ಹೊತ್ತು ನಿಲ್ಲಬಲ್ಲರು, ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಾರೆಯೇ, ಬಲಗೈಯಲ್ಲಿ ಲೋಟ ಹಿಡಿಯಬಲ್ಲರೇ, ಮೆಷಿನ್ನಿನ ಹಿಡಿ ತಿರುಗಿಸಲು ಆಗುತ್ತದೆಯೇ. ಚಿಕಿತ್ಸೆ ಕೊಟ್ಟ ವೈದ್ಯರಿಂದಲೂ ಬರೀ ರೋಗದ ಹೆಸರಿರುವ ಚೀಟಿ ತರಬೇಡಿ, ಯಾವ ಕೆಲಸ ಮಾಡಲಾರರು ಎಂಬುದನ್ನು ಬರೆಸಿಕೊಳ್ಳಿ. ನಿರ್ಣಯಿಸಿದ ಶೇಕಡಾವಾರು ಕಡಿಮೆ ಎನಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಪ್ರಶ್ನೆ: ಹಾಸನದ ಕಡೆ ಆಟೋ ಓಡಿಸುತ್ತಿದ್ದೆ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಹೋಗಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕಿಡ್ನಿ ಕಾಯಿಲೆಗೆ ಅಂಗವಿಕಲರ ಪ್ರಮಾಣಪತ್ರ ಕೊಡಲಾಗದು ಎಂದು ಹೇಳಿ ಕಳಿಸಿದರು. ಇದು ಸರಿಯೇ?

ಉತ್ತರ: ನಿಯಮದ ಪ್ರಕಾರ ಅವರು ಹೇಳಿದ್ದು ಸರಿ, ನ್ಯಾಯದ ದೃಷ್ಟಿಯಿಂದ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಪಾರ್ಕಿನ್ಸನ್, ಹಿಮೋಫಿಲಿಯಾ, ಮಾನಸಿಕ ಕಾಯಿಲೆ ಎಲ್ಲ ಇವೆ, ಕಿಡ್ನಿ ವೈಫಲ್ಯ ಇಲ್ಲ. ಡಯಾಲಿಸಿಸ್ ದಿನವೂ ಅದರ ಮರುದಿನವೂ ಸುಸ್ತಾಗಿ ಮಲಗುವ ಮನುಷ್ಯ ಆಟೋ ಓಡಿಸುವುದಾದರೂ ಹೇಗೆ? ಈ ಪಟ್ಟಿ ವಿಸ್ತಾರವಾಗಲೇಬೇಕು.

ನೀವು ಈಗ ಮಾಡಬೇಕಾದದ್ದು: ಕಣ್ಣು ಮತ್ತು ಪಾದಗಳ ತಪಾಸಣೆ ಮಾಡಿಸಿ. ಸಕ್ಕರೆ ಕಾಯಿಲೆ ದೃಷ್ಟಿಯನ್ನೂ ಕುಗ್ಗಿಸಿದ್ದರೆ ಅಥವಾ ಪಾದದ ಭಾಗ ತೆಗೆದಿದ್ದರೆ ಆ ನ್ಯೂನತೆಗೆ ಪ್ರತ್ಯೇಕವಾಗಿ ಪ್ರಮಾಣಪತ್ರ ಕೇಳಬಹುದು. ಡಯಾಲಿಸಿಸ್‌ಗೆ ದುಡ್ಡು ಕೊಡುತ್ತಿದ್ದರೆ ಸರ್ಕಾರಿ ಆಸ್ಪತ್ರೆಗೆ ಬದಲಾಯಿಸಿಕೊಳ್ಳಿ, ಬಡ ಕುಟುಂಬಗಳಿಗೆ ಅಲ್ಲಿ ಉಚಿತ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯಿದೆ.

ಆಟೋ ಸಾಲ ತೆಗೆದುಕೊಂಡಾಗ ಅದರ ಜೊತೆಗೆ ವಿಮೆಯೊಂದನ್ನು ಸೇರಿಸಿದ್ದರೇ ಎಂದೂ ನೋಡಿ. ಬಹಳ ಜನರಿಗೆ ಅದರ ನೆನಪೇ ಇರುವುದಿಲ್ಲ. ಅದರಲ್ಲಿ ಗಂಭೀರ ಕಾಯಿಲೆಯ ರಕ್ಷಣೆ ಇದ್ದರೆ, ನಿರಂತರ ಡಯಾಲಿಸಿಸ್ ಬೇಕಾದ ಕಿಡ್ನಿ ವೈಫಲ್ಯ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತದೆ. ಸಾಲ ಕೊಟ್ಟವರಲ್ಲಿ ಪಾಲಿಸಿಯ ಪ್ರತಿಯನ್ನು ಲಿಖಿತವಾಗಿ ಕೇಳಿ, ಡಯಾಲಿಸಿಸ್ ಶುರುವಾದ ದಿನಾಂಕ ಇರುವ ಆಸ್ಪತ್ರೆಯ ಪತ್ರವನ್ನು ಅಷ್ಟರಲ್ಲಿ ಪಡೆದಿಟ್ಟುಕೊಳ್ಳಿ.