ಚಿರೋಟಿ ಬಂದವರಿಗೆ ಕ್ರೊಸಾಂಟ್ ಬರುತ್ತೆ, ಏಪ್ರಿಲ್‌ನಲ್ಲಿ ಮಾತ್ರ ಬರಲ್ಲ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಪರದೇಶದ ತಿಂಡಿಗಳದ್ದೇ. ಹೋದ ವರ್ಷ ಉಪ್ಪಿನಕಾಯಿಗೆ ಬೂಷ್ಟು ಯಾಕೆ ಬರುತ್ತೆ ಅಂತ ಕೇಳುತ್ತಿದ್ದವರು ಈಗ ಬ್ರೆಡ್ಡಿನ ಹುಳಿ, ಬೆಣ್ಣೆಯ ಪದರ ಅಂತೆಲ್ಲ ಕೇಳುತ್ತಿದ್ದಾರೆ. ನನಗೂ ಖುಷಿಯೇ. ಬ್ಯಾಂಕಿನ ಕೌಂಟರ್ ಬಿಟ್ಟು ಮನೆಗೆ ಬಂದಾಗ ಕೈಗೆ ಸಿಕ್ಕ ದುಡ್ಡಿನಲ್ಲಿ ಮೊದಲು ಕೊಂಡದ್ದೇ 28 ಲೀಟರಿನ ಓಟಿಜಿ, ಅಂದರೆ ಮನೆಯಲ್ಲಿಡೋ ಕರೆಂಟಿನ ಓವನ್. ಬಳೆ ಆಮೇಲೆ.

ಪ್ರ: ಮಕ್ಕಳಿಗೆ ರಜಾ, ಏನಾದರೂ ದೊಡ್ಡದು ಮಾಡೋಣ ಅಂತ ಬೆಣ್ಣೆಯ ಪದರಪದರವಾಗಿ ಬರೋ ಫ್ರೆಂಚ್ ತಿಂಡಿ ಕ್ರೊಸಾಂಟಿಗೆ ಕೈ ಹಾಕಿದೆ. ಮೊದಲ ಸಲ ಬೆಣ್ಣೆಯೆಲ್ಲ ಟ್ರೇಗೆ ಇಳಿದುಹೋಯಿತು. ಬೆಣ್ಣೆಯೇ ಸರಿಯಿಲ್ಲ ಅಂದುಕೊಂಡು ಎರಡನೇ ಸಲ ಮನೆಯ ತುಪ್ಪ ಹಾಕಿದೆ. ಪದರವೇ ಏಳಲಿಲ್ಲ. ಎಲ್ಲಿ ತಪ್ಪಿದೆ ಮೇಡಂ?
— ಗೃಹಿಣಿ, ಕುವೆಂಪುನಗರ, ಮೈಸೂರು

ಉ: ನಿಮ್ಮ ಪತ್ರದ ಮೇಲೆ ಏಪ್ರಿಲ್ 18 ಅಂತ ತಾರೀಖಿದೆ. ಮೊದಲ ತಪ್ಪು ಆ ತಾರೀಖಿನದು. ಆ ವಾರ ಸರಸ್ವತಿಪುರಂನ ನಮ್ಮ ಅಡುಗೆಮನೆ ಮಧ್ಯಾಹ್ನ 33 ಡಿಗ್ರಿ ಇತ್ತು. ಪದರಕ್ಕೆ ಹಾಕುವ ಬೆಣ್ಣೆ ಹೇಳಿದ ಮಾತು ಕೇಳೋದು 13ರಿಂದ 16 ಡಿಗ್ರಿಯಲ್ಲಿ. ಆಗ ಲಟ್ಟಣಿಗೆ ಒತ್ತಿದರೆ ಹಿಟ್ಟಿನ ಜತೆಗೇ ಹಾಳೆಯಂತೆ ಹರಡಿಕೊಳ್ಳುತ್ತೆ. ಅದಕ್ಕಿಂತ ತಣ್ಣಗಿದ್ದರೆ ಒಳಗೊಳಗೇ ಒಡೆದು ಚೂರಾಗುತ್ತೆ, 20 ದಾಟಿತೋ ಹಿಟ್ಟಿನೊಳಕ್ಕೆ ಇಂಗಿಬಿಡುತ್ತೆ. ಇಂಗಿದ ಮೇಲೆ ಪದರ ಎಲ್ಲಿಂದ ಬರಬೇಕು?

ತುಪ್ಪದ ವಿಷಯ ಬೇರೆ. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರು ಪಾಲಿನವರೆಗೆ ನೀರಿರುತ್ತೆ. ಓವನ್ನಿನ ಬಿಸಿಗೆ ಆ ನೀರು ಹಬೆಯಾಗಿ ಒಂದೊಂದು ಪದರವನ್ನೂ ಮೇಲಕ್ಕೆತ್ತುತ್ತೆ. ಬೆಣ್ಣೆ ಕಾಯಿಸುವಾಗ ಚಿಟಪಟ ಸದ್ದು ನಿಂತಿತು ಅಂದರೆ ತುಪ್ಪ ಆಯಿತು ಅಂತ ಇಳಿಸುತ್ತೇವಲ್ಲ, ಆ ಸದ್ದಿನಲ್ಲಿ ಹೊರಟುಹೋದದ್ದೇ ಈ ನೀರು. ಎತ್ತೋದಕ್ಕೆ ಏನೂ ಉಳಿದಿರಲಿಲ್ಲ, ಹಾಗಾಗಿ ಏಳಲಿಲ್ಲ.

ಆದರೂ ಕೈ ಬಿಡಬೇಡಿ. ಕ್ರೊಸಾಂಟ್ ನೋಡಿದಾಗಲೆಲ್ಲ ನನಗೆ ನೆನಪಾಗೋದು ಅಮ್ಮನ ಚಿರೋಟಿ. ಹಿತ್ತಾಳೆ ತಟ್ಟೆಯಲ್ಲಿ ತುಪ್ಪಕ್ಕೆ ಅಕ್ಕಿಹಿಟ್ಟು ಹಾಕಿ, ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ಬೆಳ್ಳಗೆ ನೊರೆ ಮಾಡುತ್ತಿದ್ದಳು. ಅದೇ ಸಾಟಿ. ಸೆಕೆಗೆ ತುಪ್ಪ ಸಡಿಲವಾದರೆ "ಸಾಟಿ ನೀರಾಯ್ತು ಕಣೇ" ಅನ್ನುತ್ತಾ ತಟ್ಟೆಯನ್ನು ತಣ್ಣೀರಿನ ಬೋಗುಣಿಯ ಮೇಲೆ ಕೂರಿಸೋಳು. ಆಮೇಲೆ ತೆಳ್ಳಗೆ ಲಟ್ಟಿಸಿದ ಹಾಳೆಗೆ ಸವರಿ, ಅದರ ಮೇಲೆ ಇನ್ನೊಂದು ಹಾಳೆ, ಮತ್ತೆ ಸಾಟಿ, ಸುರುಳಿ ಸುತ್ತಿ ಕತ್ತರಿಸೋದು. ಹಿಟ್ಟಿಗೂ ಹಿಟ್ಟಿಗೂ ನಡುವೆ ಜಿಡ್ಡು ಕೂತರೆ ಅಂಟಿಕೊಳ್ಳಲ್ಲ, ಆ ಜಿಡ್ಡು ತಣ್ಣಗಿರಬೇಕು, ಇಷ್ಟೇ ಗುಟ್ಟು. ಅಮ್ಮನ ಹತ್ತಿರ ಥರ್ಮಾಮೀಟರ್ ಇರಲಿಲ್ಲ, ಬೋಗುಣಿ ಇತ್ತು.

ಹಾಗಾಗಿ ಕ್ರೊಸಾಂಟನ್ನು ಧನುರ್ಮಾಸಕ್ಕೆ ಇಟ್ಟುಕೊಳ್ಳಿ. ಹೇಗೂ ಹುಗ್ಗಿಗೆ ಅಂತ ಬೆಳಗಿನ ಜಾವ ಏಳೋ ಮನೆಗಳಲ್ಲಿ ಎದ್ದೇ ಇರುತ್ತೀರಿ. ನಮ್ಮ ಕಡಪ ಕಲ್ಲಿನ ಕಟ್ಟೆ ಆಗ ಮುಟ್ಟಿದರೆ ಜುಮ್ಮೆನ್ನುತ್ತೆ. ಅರ್ಧ ಕೆಜಿ ಮೈದಾ ಹಿಟ್ಟಿಗೆ ಪದರಕ್ಕೆ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ. ಕಾಗದ ಮಡಿಸಿದ ಹಾಗೆ ಮೂರು ಮಡಿಕೆ, ಅಂಥದ್ದು ಮೂರು ಸಲ. ಮೂರು ಮೂರಲಿ ಒಂಬತ್ತು, ಒಂಬತ್ತು ಮೂರಲಿ 27 ಬೆಣ್ಣೆ ಪದರ. ಪ್ರತಿ ಮಡಿಕೆ ಆದ ಮೇಲೂ ಫ್ರಿಜ್ಜಿನಲ್ಲಿ ಒಂದು ಗಂಟೆ. ಆಕಾರ ಕೊಟ್ಟ ಮೇಲೆ ಉಬ್ಬಲಿಕ್ಕೆ ಇಡುವ ಜಾಗ 26 ಡಿಗ್ರಿ ದಾಟಬಾರದು. ಎಷ್ಟೋ ಜನ ಎಡವೋದು ಇಲ್ಲೇ: ಅಷ್ಟೆಲ್ಲ ಜೋಪಾನ ಮಾಡಿ ಕೊನೆಗೆ ಬೇಗ ಉಬ್ಬಲಿ ಅಂತ ಬಿಸಿಲಿಗಿಡುತ್ತಾರೆ. ಟ್ರೇ ಅಲ್ಲಾಡಿಸಿದರೆ ಕ್ರೊಸಾಂಟ್ ಮೆಲ್ಲಗೆ ನಡುಗಬೇಕು, ಆಗ ಓವನ್ನಿಗೆ.

ನಾನೂ ಮೊದಲು ಮಾಡಿದ್ದು ಮೇ ತಿಂಗಳಲ್ಲೇ. ನಮ್ಮ ಯಜಮಾನರು ಒಂದು ತಿಂದು, "ಬೆಣ್ಣೆ ಬನ್ ಚೆನ್ನಾಗಿದೆ, ಕ್ರೊಸಾಂಟ್ ಯಾವಾಗ?" ಅಂದರು.

ರಜಾ ಮುಗಿಯೋದರೊಳಗೆ ಏನಾದರೂ ಮಾಡಲೇಬೇಕು ಅಂದರೆ ಬಕ್ಲಾವಾ ಮಾಡಿ, ತೆಳ್ಳನೆ ಹಾಳೆಗಳ ನಡುವೆ ಪಿಸ್ತಾದಂಥ ಬೀಜ ತುಂಬಿ ಬೇಯಿಸಿ ಪಾಕ ಹುಯ್ಯೋ ಟರ್ಕಿಯ ಸಿಹಿ. ಅಲ್ಲಿ ನಿಮ್ಮ ತುಪ್ಪಕ್ಕೆ ಮರ್ಯಾದೆ ಇದೆ, ಟರ್ಕಿಯಲ್ಲೂ ನೀರು ತೆಗೆದ ಬೆಣ್ಣೆಯನ್ನೇ ಹಾಕೋದು. ಅಲ್ಲಿನ ಗಾಜಿಯಾಂಟೆಪ್ ಊರಿನ ಪಿಸ್ತಾ ಬಕ್ಲಾವಾಕ್ಕೆ 2013ರಲ್ಲಿ ಯುರೋಪಿನ ಒಕ್ಕೂಟ ಊರಿನ ಹೆಸರಿನ ರಕ್ಷಣೆ ಕೊಟ್ಟಿತು, ನಮ್ಮ ಮೈಸೂರು ವೀಳ್ಯದೆಲೆಗೆ ಇಲ್ಲಿ ಜಿಐ ಕೊಟ್ಟ ಹಾಗೆ. ಹಾಳೆಗೆ ಹೆದರಬೇಡಿ. ಪೂರಿಯಷ್ಟಗಲ ಹತ್ತು ಲಟ್ಟಿಸಿ, ನಡುನಡುವೆ ಕಾರ್ನ್‌ಫ್ಲೋರ್ ಧಾರಾಳವಾಗಿ ಉದುರಿಸಿ, ಒಂದರ ಮೇಲೊಂದು ಪೇರಿಸಿ ಹತ್ತನ್ನೂ ಒಟ್ಟಿಗೇ ಲಟ್ಟಿಸಿ. ಬಿಡಿಸಿದರೆ ಹತ್ತೂ ಬೇರೆಬೇರೆಯಾಗಿ ಬರುತ್ತೆ. ದೇವರಾಜ ಮಾರುಕಟ್ಟೆಗೆ ಹೋದಾಗ ಪಿಸ್ತಾದ ಬೆಲೆ ಕೇಳಿ ಎದೆ ಧಸಕ್ಕೆಂದರೆ ಕಡಲೆಕಾಯಿ ಬೀಜ ಹಾಕಿ. ಗಾಜಿಯಾಂಟೆಪ್‌ನವರು ಬೈದಾರು, ನಿಮ್ಮ ಮಕ್ಕಳು ಬೈಯಲ್ಲ.

ಪ್ರ: ಅತ್ತೆ ಮನೆಯೊಳಗೆ ಮೊಟ್ಟೆ ತರಗೊಡಲ್ಲ. ನನಗೆ ಜಪಾನಿನ ಕಾಸ್ಟೆಲ್ಲಾ ಕೇಕ್ ಮಾಡೋ ಆಸೆ. ಮೊಸರು, ಸೋಡಾ ಹಾಕಿ ಮಾಡಬಹುದಾ?
— ಸೊಸೆ, ಜಯಲಕ್ಷ್ಮೀಪುರಂ, ಮೈಸೂರು

ಉ: ಬೇಡಮ್ಮ. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ನಾಗಸಾಕಿಗೆ ತಂದ ಕೇಕ್ ಅದು. ಅದರ ಜೀವವೇ ಮೊಟ್ಟೆ. ಮೊಟ್ಟೆಯ ನೊರೆ ಬಿಟ್ಟರೆ ಅದನ್ನು ಉಬ್ಬಿಸಲು ಇನ್ನೇನೂ ಇರಲ್ಲ. ಮೊಸರು ಸೋಡಾದಲ್ಲಿ ಒಳ್ಳೆಯ ಕೇಕೇ ಆಗುತ್ತೆ, ಆದರೆ ಅದು ಅಯ್ಯಂಗಾರ್ ಬೇಕರಿ ಕೇಕು. ಅದಕ್ಕೆ ಜಪಾನಿನ ಹೆಸರು ಯಾಕೆ?

ಮೊಟ್ಟೆ ತೆಗೆದು ಏನು ಹಾಕಲಿ ಅಂತ ತಲೆ ಕೆಡಿಸಿಕೊಳ್ಳೋ ಬದಲು ಹುಟ್ಟಿನಿಂದಲೇ ಮೊಟ್ಟೆ ಇಲ್ಲದ್ದನ್ನು ಹಿಡಿಯಿರಿ, ಪ್ರಪಂಚದಲ್ಲಿ ಬೇಕಾದಷ್ಟಿವೆ. ಜಪಾನೇ ಬೇಕು ಅಂದರೆ ಅವರ ಹಾಲಿನ ಬ್ರೆಡ್ಡು. ಹತ್ತಿಯ ಹಾಗೆ ಎಳೆಎಳೆಯಾಗಿ ಬರುತ್ತೆ. ಅದಕ್ಕೆ ಒಂದು ಗಂಜಿ ಕಾಯಿಸಬೇಕು: 25 ಗ್ರಾಂ ಮೈದಾಕ್ಕೆ ಐದರಷ್ಟು, 125 ಮಿಲಿ ನೀರು. ಸಣ್ಣ ಉರಿಯಲ್ಲಿ ಕದಡುತ್ತಾ 65 ಡಿಗ್ರಿಗೆ ತನ್ನಿ, ಚಮಚ ಎಳೆದ ಗೆರೆ ಮುಚ್ಚಿಹೋಗದೆ ನಿಂತರೆ ಸಾಕು. ಬೆಂದ ಹಿಟ್ಟು ಹಸಿ ಹಿಟ್ಟಿಗಿಂತ ಜಾಸ್ತಿ ನೀರು ಹಿಡಿದುಕೊಳ್ಳುತ್ತೆ, ಅದಕ್ಕೇ ಬ್ರೆಡ್ಡು ಮೂರನೇ ದಿನವೂ ಮೆತ್ತಗಿರುತ್ತೆ. ಇದು ಆರಿದ ಮೇಲೆ ಇನ್ನು 350 ಗ್ರಾಂ ಮೈದಾ, ಹಾಲು, ಈಸ್ಟ್, ಬೆಣ್ಣೆ ಸೇರಿಸಿ ನಾದೋದು. ಗಂಜಿ ಕದಡೋ ಕೆಲಸ ಅತ್ತೆಯವರಿಗೆ ಬಿಡಿ. ರಾಗಿ ಅಂಬಲಿ ಗಂಟಾಗದ ಹಾಗೆ ಕಾಯಿಸಿದ ಕೈ ಅದು, ನಿಮಗಿಂತ ಚೆನ್ನಾಗಿ ಮಾಡುತ್ತಾರೆ. ತಾವು ಕದಡಿದ ಬ್ರೆಡ್ಡಿಗೆ ಆಮೇಲೆ ತಕರಾರೂ ತೆಗೆಯಲ್ಲ.

ಪ್ರ: ಓಟಿಜಿ ಹಾಕಿ ಜತೆಗೆ ಮಿಕ್ಸಿ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತೆ. ಓವನ್ ಕೆಟ್ಟಿದೆಯಾ?
— ಬನ್ನೂರು

ಉ: ನಿಮ್ಮ ಓಟಿಜಿ 1500 ವ್ಯಾಟಿನದು ಅಂದುಕೊಳ್ಳಿ. ಅದನ್ನು 230 ವೋಲ್ಟಿನಿಂದ ಭಾಗಿಸಿ, ಆರೂವರೆ ಆಂಪ್ ಬರುತ್ತೆ. ಸಣ್ಣ ಪ್ಲಗ್ ಪಾಯಿಂಟ್ ಆರು ಆಂಪಿನದು, ಓವನ್ ಒಂದೇ ಅದನ್ನು ಮೀರುತ್ತೆ, ಮೇಲೆ ಮಿಕ್ಸಿ ಬೇರೆ. ಓವನ್ ಸರಿಯಾಗೇ ಇರಬಹುದು, ಎಲೆಕ್ಟ್ರಿಷಿಯನ್ ಕರೆಸಿ 16 ಆಂಪಿನ ಬೇರೆ ಪಾಯಿಂಟ್ ಹಾಕಿಸಿ. ಎಕ್ಸ್‌ಟೆನ್ಷನ್ ವೈರು ಖಂಡಿತ ಬೇಡ.

ಪ್ರ: ಅಂಗಡಿಯ ಈಸ್ಟ್ ಹಾಕದೆ ತಾನೇ ಹುಳಿಬಂದ ಹಿಟ್ಟಿನಿಂದ ಮಾಡೋ ಸಾರ್‌ಡೋ ಬ್ರೆಡ್ಡಿಗೆ ಗೋಧಿ ಹಿಟ್ಟು, ನೀರು ಕಲಸಿಟ್ಟೆ. ಮೂರನೇ ದಿನ ಜಾಡಿ ಮೀರಿ ಉಕ್ಕಿತು. ಐದನೇ ದಿನ ಒಂದು ಗುಳ್ಳೆಯೂ ಇಲ್ಲ, ಸತ್ತ ಹಾಗಿದೆ. ಚೆಲ್ಲಲಾ?
— ಸಂಶೋಧನಾ ವಿದ್ಯಾರ್ಥಿನಿ, ಗೋಕುಲಂ, ಮೈಸೂರು

ಉ: ಚೆಲ್ಲಬೇಡ ಮಗಳೇ. ಮೂರನೇ ದಿನದ ಉಕ್ಕು ಈಸ್ಟಿನದಲ್ಲ, ಸಾಮಾನ್ಯವಾಗಿ ಲ್ಯೂಕೊನಾಸ್ಟಾಕ್ ಅನ್ನೋ ಬ್ಯಾಕ್ಟೀರಿಯಾದ ಆಟ. ನಮ್ಮ ಇಡ್ಲಿ ಹಿಟ್ಟು ಉಬ್ಬಿಸೋ ಬಳಗವೇ ಅದು. ಇಡ್ಲಿಗೆ ಒಂದು ರಾತ್ರಿ ಅದರ ಕೆಲಸ ಸಾಕು, ಬೆಳಿಗ್ಗೆ ಬೇಯಿಸಿಬಿಡುತ್ತೇವೆ. ನೀನು ಬೇಯಿಸದೆ ಬಿಟ್ಟೆ, ಹುಳಿ ಏರಿತು, ಆ ಹುಳಿಗೆ ಅದು ಹಿಂದೆ ಸರಿಯಿತು. ಹುಳಿ ತಡೆದುಕೊಳ್ಳೋ ಈಸ್ಟ್ ಇನ್ನೂ ಏಳುತ್ತಿದೆ. ಈ ಸುಮ್ಮನಿರೋ ಎರಡು ಮೂರು ದಿನದಲ್ಲೇ ಜನ ಬೇಸತ್ತು ಸಿಂಕಿಗೆ ಸುರಿಯೋದು.

ಬೆಳಿಗ್ಗೆ ಒಂದು, ರಾತ್ರಿ ಒಂದು ಸಲ ಊಟ ಹಾಕು: 50 ಗ್ರಾಂ ಹಳೆಯದು ಉಳಿಸಿಕೊಂಡು 50 ಹಿಟ್ಟು, 50 ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ರಾತ್ರಿಯೇ ಹಿಡಿದು ತೆರೆದಿಡು. ಇನ್ನೊಂದು ವಾರ ಕೊಡು. ಹಾಕಿದ ನಾಲ್ಕರಿಂದ ಆರು ಗಂಟೆಯೊಳಗೆ ಎರಡರಷ್ಟಾಗಬೇಕು, ಅದೂ ದಿನಾ ತಪ್ಪದೆ. ಅಲ್ಲಿಯವರೆಗೆ ಬ್ರೆಡ್ಡಿಗೆ ಕೈ ಹಾಕಬೇಡ. ತೆಗೆದಿಟ್ಟ ಹಳೆಯದನ್ನು ಫ್ರಿಜ್ಜಿನಲ್ಲಿ ಕೂಡಿಹಾಕಿ, ಆಮೇಲೆ ಈರುಳ್ಳಿ ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ದೋಸೆ ಹುಯ್ದುಕೋ.

ಪ್ರ: ಅಕ್ಕಾವ್ರೆ, ಮಗಳು ಇಸ್ತಾಂಬುಲ್‌ಗೆ ಹೋಗಿದ್ಲು. ಅಲ್ಲಿ ಬೀದೀಲಿ ಎಳ್ಳು ಅಂಟ್ಸಿರೋ ಬಳೆ ಥರದ ಬ್ರೆಡ್ ತಿಂದ್ಲಂತೆ, ಸಿಮಿಟ್ ಅಂತ. ಮನೇಲಿ ಮಾಡಿ ಅಂತ ಹಟ. ಅದಕ್ಕೆ ದ್ರಾಕ್ಷಿ ಪಾಕ ಬೇಕಂತೆ. ಮಂಡ್ಯದಲ್ಲಿ ಎಲ್ಲಿ ಹುಡುಕ್ಲಿ?
— ಕಬ್ಬು ಬೆಳೆಗಾರರು, ಮಂಡ್ಯ

ಉ: ಅಣ್ಣಾ, ಹುಡುಕಬೇಡಿ. ದ್ರಾಕ್ಷಿ ರಸವನ್ನು ಬತ್ತಿಸಿ ಮಾಡೋ ಆ ಪಾಕ ಇಲ್ಲಿ ಮಾಡಬೇಕಾದ ಕೆಲಸ ಎರಡೇ: ಎಳ್ಳು ಅಂಟಿಸೋದು, ಓವನ್ನಿನಲ್ಲಿ ಕೆಂಪು ಬಣ್ಣ ಕೊಡೋದು. ಎರಡನ್ನೂ ನಿಮ್ಮ ಅಚ್ಚುಬೆಲ್ಲ ಮಾಡುತ್ತೆ. ತುಪ್ಪದ ವಿಷಯದಲ್ಲಿ ಕುವೆಂಪುನಗರದವರಿಗೆ ಬೇಡ ಅಂದವಳು ನಿಮಗೆ ಹೂಂ ಅನ್ನುತ್ತಿರೋದು ಇದಕ್ಕೇ.

ಅರ್ಧ ಕೆಜಿ ಮೈದಾ, 300 ಮಿಲಿ ನೀರು, 7 ಗ್ರಾಂ ಇನ್‌ಸ್ಟಂಟ್ ಈಸ್ಟ್, ಎರಡು ಚಿಕ್ಕ ಚಮಚ ಉಪ್ಪು, ಒಂದು ಚಮಚ ಎಣ್ಣೆ. ಚೆನ್ನಾಗಿ ನಾದಿ, ಎರಡರಷ್ಟಾದ ಮೇಲೆ ಎಂಟು ಉಂಡೆ. ಒಂದೊಂದು ಉಂಡೆಯನ್ನೂ ಎರಡು ಮಾಡಿ, ಮೊಳಕ್ಕಿಂತ ಸ್ವಲ್ಪ ಉದ್ದ ಹೊಸೆದು, ಎರಡೆಳೆ ಹಗ್ಗದಂತೆ ಹುರಿ ಹಾಕಿ ಬಳೆ ಮಾಡಿ. ಹೊಸೆಯುವಾಗ ಹಿಟ್ಟು ಹಿಂದಕ್ಕೆಳೆದರೆ ಜಗ್ಗಾಡಬೇಡಿ, ಹತ್ತು ನಿಮಿಷ ಬಟ್ಟೆ ಮುಚ್ಚಿಟ್ಟರೆ ತಾನೇ ಸಡಿಲವಾಗುತ್ತೆ. ಬೆಲ್ಲವನ್ನು ಅಷ್ಟೇ ತೂಕದ ನೀರಿನಲ್ಲಿ ಕರಗಿಸಿ ಸೋಸಿಕೊಳ್ಳಿ. ಆಲೆಮನೆ ಬೆಲ್ಲ ಎಷ್ಟೇ ಚೊಕ್ಕಟವಾಗಿದ್ದರೂ ಸೋಸಿ, ಹಲ್ಲಿಗೆ ಮರಳು ಸಿಕ್ಕರೆ ಮಗಳು ಬಿಡಲ್ಲ. ಆರಿದ ಬೆಲ್ಲದ ನೀರಿನಲ್ಲಿ ಬಳೆ ಅದ್ದಿ, ಹದವಾಗಿ ಹುರಿದ ಬಿಳಿ ಎಳ್ಳಿನ ತಟ್ಟೆಯಲ್ಲಿ ಎರಡೂ ಕಡೆ ಒತ್ತಿ. ಕಾಲು ಕೆಜಿ ಎಳ್ಳು ತಂದಿಟ್ಟುಕೊಳ್ಳಿ, ಜಿಪುಣತನ ಮಾಡಿದರೆ ಬೋಳುಬೋಳಾಗುತ್ತೆ. ಅರ್ಧ ಗಂಟೆ ಬಿಟ್ಟು, 220 ಡಿಗ್ರಿಗೆ ಕಾದ ಓವನ್ನಿನಲ್ಲಿ 15ರಿಂದ 18 ನಿಮಿಷ. ಹನ್ನೆರಡನೇ ನಿಮಿಷದಿಂದ ಕಣ್ಣಿಟ್ಟಿರಿ, ಬೆಲ್ಲ ಬಹಳ ಬೇಗ ಕಪ್ಪಾಗುತ್ತೆ.

ಹೋದ ಸಂಕ್ರಾಂತಿಗೆ ನಾನು ಎಳ್ಳು ಬೀರಲು ಹೋದ ಮನೆಗಳಿಗೆಲ್ಲ ಕಬ್ಬಿನ ಜಲ್ಲೆ ಜತೆ ಇದನ್ನೂ ಒಂದೊಂದು ಕೊಟ್ಟೆ. ಪಕ್ಕದ ಮನೆ ಮಗು ಬಳೆ ಅಂತ ಕೈಗೆ ಹಾಕಿಕೊಂಡು ಓಡಿಹೋಯಿತು. ಬೆಳಿಗ್ಗೆ ಮಾಡಿದ್ದನ್ನು ಅವತ್ತೇ ತಿನ್ನಿ, ಸಂಜೆಗೆ ಬಿರುಸಾಗುತ್ತೆ. ಉಳಿದರೆ ಕಾಫಿಗೆ ಅದ್ದಿಕೊಳ್ಳಿ.