ಮೂತ್ರಕೋಶದ ನೋವು: ನೀರು ಎಷ್ಟು, ಯಾವಾಗ, ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ, ವಯಸ್ಸು 38. ಎರಡು ವರ್ಷದಿಂದ ಕಿಬ್ಬೊಟ್ಟೆ ನೋವು, ದಿನಕ್ಕೆ ಹದಿನೈದು ಸಲ ಮೂತ್ರಕ್ಕೆ ಹೋಗಬೇಕು. ಐದು ಸಲ ಆಂಟಿಬಯೋಟಿಕ್ ಆಯಿತು, ಕಲ್ಚರ್‌ನಲ್ಲಿ ಒಮ್ಮೆಯೂ ಯಾವ ರೋಗಾಣುವೂ ಬೆಳೆದಿಲ್ಲ. ಈಗ ಯೂರಾಲಜಿಸ್ಟ್ ‘ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್’ ಎಂದಿದ್ದಾರೆ, ಅಂದರೆ ಸೋಂಕಿಲ್ಲದೆಯೂ ಮೂತ್ರಕೋಶ ಬಹುಕಾಲ ನೋಯುವ ಕಾಯಿಲೆಯಂತೆ. ಶಾಲೆಯ ಶೌಚಾಲಯಕ್ಕೆ ಹೆದರಿ ಬೆಳಿಗ್ಗೆ 9ರಿಂದ ಸಂಜೆ 4.30ರವರೆಗೆ ನೀರು ಮುಟ್ಟುವುದಿಲ್ಲ. ಮನೆಗೆ ಬಂದ ಕೂಡಲೇ ಒಂದು ಲೀಟರ್ ಕುಡಿಯುತ್ತೇನೆ. ರಾತ್ರಿ ನೋವು ತಡೆಯಲಾಗುವುದಿಲ್ಲ. ಎಷ್ಟು ನೀರು ಕುಡಿಯಬೇಕು?
– ಓದುಗರು, ಹಿರಿಯೂರು

ಉತ್ತರ: ನಿಮ್ಮ ದಿನಚರಿಯಲ್ಲಿ ಮೂತ್ರಕೋಶಕ್ಕೆ ಎರಡು ಪೆಟ್ಟು ಬೀಳುತ್ತಿದೆ. ಹಗಲಿಡೀ ನೀರಿಲ್ಲದಿದ್ದಾಗ ಮೂತ್ರಪಿಂಡ ಗಂಟೆಗೆ 30–40 ಮಿ.ಲೀ. ಮಾತ್ರ ಇಳಿಸುತ್ತದೆ. ಅದು ಗಾಢ, ಉಪ್ಪು–ಪೊಟ್ಯಾಸಿಯಂ ತುಂಬಿದ ಮೂತ್ರ. ಈ ಕಾಯಿಲೆಯ ಹಲವರಲ್ಲಿ ಮೂತ್ರಕೋಶದ ಒಳಪದರ ಸೋರುತ್ತದೆ ಎಂಬುದು ವೈದ್ಯರ ತಿಳಿವಳಿಕೆ. ಗಾಢ ಮೂತ್ರ ಅಲ್ಲಿ ಗಾಯದ ಮೇಲೆ ಉಪ್ಪು ಹಚ್ಚಿದಂತೆ. ಸಂಜೆಯದು ಇನ್ನೊಂದು ಪೆಟ್ಟು. ಒಂದೇ ಉಸಿರಿಗೆ ಲೀಟರ್ ಕುಡಿದರೆ ಮುಂದಿನ ಗಂಟೆಯಲ್ಲಿ ಅರ್ಧ ಲೀಟರಿನಷ್ಟು ಮೂತ್ರ ಇಳಿಯಬಹುದು. 120 ಮಿ.ಲೀ.ಗೇ ನೋಯುವ ಮೂತ್ರಕೋಶವಾದರೆ ಹದಿನೈದು ನಿಮಿಷಕ್ಕೊಮ್ಮೆ ಏಳಬೇಕು. ರಾತ್ರಿಯ ನೋವು ಇಲ್ಲಿಂದಲೇ ಶುರುವಾಗುವುದು.

ಸಾರು, ಹಾಲು, ಗಂಜಿ ಎಲ್ಲ ಸೇರಿ ದಿನಕ್ಕೆ 1.75ರಿಂದ 2 ಲೀಟರ್ ಸಾಕು. ಮುಖ್ಯ ಸಂಗತಿ ಹಂಚಿ ಕುಡಿಯುವುದು. ಎದ್ದಾಗಿನಿಂದ ಶಾಲೆಗೆ ಹೊರಡುವವರೆಗೆ 300 ಮಿ.ಲೀ. ಶಾಲೆಗೆ 750 ಮಿ.ಲೀ. ಬಾಟಲಿ ಒಯ್ಯಿರಿ, ಪ್ರತಿ ಪೀರಿಯಡ್ ಮುಗಿದಾಗ ನಾಲ್ಕೈದು ಗುಟುಕು, ಅಂದರೆ ಸುಮಾರು 100 ಮಿ.ಲೀ. ಊಟದ ಜೊತೆ 200. ಸಂಜೆ 5ರಿಂದ 8ರೊಳಗೆ 500, ಅದೂ ಮೂರು ಕಂತಿನಲ್ಲಿ. ಆಮೇಲೆ ಮಾತ್ರೆ ನುಂಗಲು ಬೇಕಾದಷ್ಟೇ. ಹೀಗಾದರೆ ಗಂಟೆಗೆ 80–100 ಮಿ.ಲೀ. ಮಾತ್ರ ತುಂಬುತ್ತದೆ, ಒಂದು ಒಂದೂಕಾಲು ಗಂಟೆ ನೆಮ್ಮದಿ ಸಿಗುತ್ತದೆ. ಮೊದಲ ವಾರ ಓಡಾಟ ತುಸು ಹೆಚ್ಚಬಹುದು. ಅದಕ್ಕೆ ಹೆದರಿ ಬಿಡಬೇಡಿ.

ಮೂರು ದಿನ ಮೂತ್ರದ ಲೆಕ್ಕ ಬರೆಯಿರಿ. ಅಡುಗೆಮನೆಯ ಹಳೆಯ ಅಳತೆ ಜಗ್ಗನ್ನು ಬಚ್ಚಲಲ್ಲೇ ಇಡಿ. ‘6.10 – 180 ಮಿ.ಲೀ. – ನೋವು 10ಕ್ಕೆ 4’, ‘7.05 – 90 ಮಿ.ಲೀ. – ನೋವು 6’, ಹೀಗೆ ಸಾಲು ಸಾಲಾಗಿ. ಪಕ್ಕದಲ್ಲಿ ಕುಡಿದದ್ದು, ತಿಂದದ್ದು. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಈ ಹಾಳೆ ಕೊಡಿ. ಮೂತ್ರದ ಬಣ್ಣ ಒಣಹುಲ್ಲಿನಂತೆ ತಿಳಿ ಹಳದಿಯಿದ್ದರೆ ಸರಿ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಮೂತ್ರ ಕಡು ಹಳದಿಯಾಗುತ್ತದೆ, ಅಂದು ಬಣ್ಣ ನಂಬಬೇಡಿ.

ಶೌಚಾಲಯದ ವಿಷಯ ಸಣ್ಣದಲ್ಲ. ಬೀಗ, ನೀರು, ಬೆಳಕು ಇರುವ ಒಂದು ಕೋಣೆ ನಿಮಗೆ ಔಷಧಿಯಷ್ಟೇ ಅಗತ್ಯ. ವೈದ್ಯರಿಂದ ಎರಡು ಸಾಲಿನ ಚೀಟಿ ಬರೆಸಿಕೊಂಡು ಮುಖ್ಯಶಿಕ್ಷಕರಿಗೆ ಕೊಡಿ. ಸಂಕೋಚ ಪಟ್ಟು ನೋವು ನುಂಗುವ ಸಹೋದ್ಯೋಗಿಗಳು ಇನ್ನೂ ಇದ್ದಾರು.

ಇನ್ನೊಂದು ಮಾತು: ಕಲ್ಚರ್ ಖಾಲಿ ಇದ್ದೂ ಮೂತ್ರದಲ್ಲಿ ಕೀವಿನ ಕಣಗಳಿದ್ದರೆ, ನಮ್ಮ ದೇಶದಲ್ಲಿ ಕ್ಷಯವನ್ನು ಮರೆಯುವಂತಿಲ್ಲ. ಮೂರು ದಿನದ ಮುಂಜಾವಿನ ಮೂತ್ರದ ಪರೀಕ್ಷೆ ಆಗಿದೆಯೇ ಕೇಳಿ.

ಪ್ರಶ್ನೆ: ಮಗಳಿಗೆ ಇದೇ ಕಾಯಿಲೆ. ‘ಉಷ್ಣ ಆಗಿದೆ’ ಎಂದು ಮನೆಯಲ್ಲಿ ಎಳನೀರು, ನಿಂಬೆ ಪಾನಕ, ಹುಳಿ ಮಜ್ಜಿಗೆ ಕೊಡುತ್ತಿದ್ದೇವೆ. ದಿನಕ್ಕೆ ಐದು ಲೀಟರ್ ನೀರನ್ನೂ ಕುಡಿಸುತ್ತೇವೆ. ನೋವು ಹೆಚ್ಚುತ್ತಿದೆ, ಏಕೆ?
– ಓದುಗರು, ಕಲಬುರಗಿ

ಉತ್ತರ: ಪ್ರೀತಿಯಿಂದಲೇ ಕೊಡುತ್ತಿದ್ದೀರಿ, ಆದರೆ ಆ ಪಟ್ಟಿಯ ಬಹುಪಾಲು ಈ ಕಾಯಿಲೆಗೆ ಹೊಂದುವುದಿಲ್ಲ. ಸೋಂಕಿನ ಉರಿಮೂತ್ರಕ್ಕೆ ಹೇಳುವ ಸಲಹೆ ಇಲ್ಲಿಗೆ ಬಂದು ಸೇರಿಕೊಂಡಿದೆ. ನಿಂಬೆ, ಮೂಸಂಬಿ, ಕಿತ್ತಳೆ, ಕ್ರ್ಯಾನ್‌ಬೆರಿ ರಸ ಇವು ಹಲವರಲ್ಲಿ ನೋವು ಕೆರಳಿಸುತ್ತವೆ. ವಿಟಮಿನ್ ಸಿ ಮಾತ್ರೆಯೂ ಅಷ್ಟೇ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ಒಂದು ಕಾಯಿ ಕುಡಿದ ಎರಡು ಗಂಟೆಗೆ ಉರಿ ಏಳುತ್ತದೆ. ಐದು ಲೀಟರ್ ನೀರು ಮೂತ್ರಕೋಶವನ್ನು ಬಿಡುವಿಲ್ಲದೆ ಹಿಗ್ಗಿಸುತ್ತದೆ, ರಕ್ತದ ಸೋಡಿಯಂ ಇಳಿಯುವ ಅಪಾಯವೂ ಇದೆ. ನಿಮ್ಮೂರಿನ ಬೇಸಿಗೆಯಲ್ಲಿ ಬೆವರು ಹೋದಷ್ಟು ಸೇರಿಸಿ ಎರಡೂವರೆ, ಮೂರು ಲೀಟರ್ ಆಗಲಿ, ಗುಟುಕು ಗುಟುಕಾಗಿ.

ಎರಡು ವಾರ ಹುಳಿ, ಖಾರ, ಟೊಮೆಟೊ, ಕಾಫಿ, ಚಹಾ, ಸೋಡಾ ನಿಲ್ಲಿಸಿ. ತೊವ್ವೆ, ತಾಜಾ ಸಿಹಿ ಮೊಸರಿನ ಮಜ್ಜಿಗೆ, ಬಾರ್ಲಿ ನೀರು, ಹುಳಿ ಬರಿಸದ ರಾಗಿ ಗಂಜಿ ಇರಲಿ. ಆಮೇಲೆ ಒಂದೊಂದನ್ನೇ ಮರಳಿ ಸೇರಿಸಿ, ಪ್ರತಿಯೊಂದಕ್ಕೂ ಮೂರು ದಿನ ಕಾಯಿರಿ. ಇಲ್ಲಿ ಮನೆಮಂದಿ ಎಡವುವುದು ಸಾರಿನಲ್ಲಿ. ‘ಟೊಮೆಟೊ ಬಿಟ್ಟಿದ್ದೇವೆ’ ಎನ್ನುತ್ತಾರೆ, ಆ ಜಾಗಕ್ಕೆ ನಿಂಬೆ ಗಾತ್ರದ ಹುಣಸೆ ಬಿದ್ದಿರುತ್ತದೆ. ಎರಡನ್ನೂ ಒಟ್ಟಿಗೆ ಬಿಡಬೇಕು, ಬೇರೆ ಬೇರೆಯಾಗಿ ಸೇರಿಸಬೇಕು. ಯಾವುದರಿಂದ ತೊಂದರೆಯಿಲ್ಲವೋ ಅದನ್ನು ತಿನ್ನಲಿ. ಕಂಡದ್ದನ್ನೆಲ್ಲ ಬಿಟ್ಟು ಹುಡುಗಿ ಸೊರಗುವುದು ಬೇಡ.

ಪ್ರಶ್ನೆ: ಕಾಫಿ ಪೂರ್ತಿ ಬಿಡಲೇಬೇಕೇ?
– ಓದುಗರು, ಸಕಲೇಶಪುರ

ಉತ್ತರ: ಮೊದಲು ಬಿಟ್ಟು ನೋಡಿ, ಆಮೇಲೆ ತೀರ್ಮಾನಿಸಿ. ಒಂದೇ ದಿನದಲ್ಲಿ ನಿಲ್ಲಿಸಿದರೆ ತಲೆನೋವು ಕಾಡುತ್ತದೆ. ನಾಲ್ಕು ಲೋಟ ಕುಡಿಯುವವರು ಎರಡು ದಿನಕ್ಕೆ ಒಂದು ಲೋಟದಂತೆ ಇಳಿಸಿ. ಕೆಫೀನ್ ತೆಗೆದ ಕಾಫಿಯೂ ಕೆಲವರಿಗೆ ಆಗುವುದಿಲ್ಲ, ಏಕೆಂದರೆ ಆಮ್ಲ ಉಳಿದೇ ಇರುತ್ತದೆ. ಎರಡು ವಾರದ ನಂತರ ತೆಳು ಡಿಕಾಕ್ಷನ್, ಹೆಚ್ಚು ಹಾಲು, ಅರ್ಧ ಲೋಟ, ತಿಂಡಿಯ ಮೇಲೆ ಕುಡಿದು ನೋಡಿ. ಖಾಲಿ ಹೊಟ್ಟೆಗೆ ಬೇಡ.

ಪ್ರಶ್ನೆ: ನೋವು ಏಕಾಏಕಿ ಕೆರಳಿದಾಗ ಏನು ಮಾಡಲಿ? ಸಿಟ್ರೇಟ್ ಸಿರಪ್, ಅಡುಗೆ ಸೋಡಾ ಕುಡಿಯಬಹುದೇ? ಮುಂದಿನ ವಾರ ರಾತ್ರಿ ಬಸ್ಸಿನಲ್ಲಿ ಬೆಳಗಾವಿಗೆ ಹೋಗಬೇಕಿದೆ.
– ಓದುಗರು, ಬೆಂಗಳೂರು

ಉತ್ತರ: ಕೆರಳಿದ ದಿನ ಮೊದಲ ಎರಡು ಗಂಟೆ, ಪ್ರತಿ ಅರ್ಧ ಗಂಟೆಗೆ 100 ಮಿ.ಲೀ. ಸಾದಾ ನೀರು ಕುಡಿದು ಮೂತ್ರ ತೆಳುವಾಗಿಸಿ. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲವನ್ನು ಬಟ್ಟೆ ಸುತ್ತಿ 15–20 ನಿಮಿಷ ಇಡಿ. ಕೆಲವರಿಗೆ ತಂಪೇ ಹಿತ. ಕೀಗಲ್ ವ್ಯಾಯಾಮ (ಮೂತ್ರ ತಡೆಯುವಂತೆ ಕೆಳಸೊಂಟದ ಸ್ನಾಯು ಬಿಗಿದು ಬಿಡುವುದು) ಮಾತ್ರ ಮಾಡಬೇಡಿ: ಈ ಕಾಯಿಲೆಯ ಹಲವರಲ್ಲಿ ಕೆಳಸೊಂಟದ ಸ್ನಾಯುಗಳು ಮೊದಲೇ ಬಿಗಿದಿರುತ್ತವೆ, ಇನ್ನಷ್ಟು ಬಿಗಿದರೆ ನೋವು ಹೆಚ್ಚುತ್ತದೆ. ಮಲಬದ್ಧತೆ ಇದ್ದರೆ ಅದನ್ನೂ ಸರಿಪಡಿಸಿಕೊಳ್ಳಿ.

ಸಿಟ್ರೇಟ್ ಸಿರಪ್ ಮೂತ್ರದ ಆಮ್ಲೀಯತೆ ಇಳಿಸುತ್ತದೆ, ಕೆಲವರಿಗೆ ಉರಿ ಶಮನವಾಗುತ್ತದೆ. ಆದರೆ ಇಂಥ ಹಲವು ಸಿರಪ್ಪುಗಳಲ್ಲೂ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಬಿ.ಪಿ., ಹೃದಯ, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಬಸ್ಸಿಗೆ: ಹಗಲು ಚೆನ್ನಾಗಿ ಕುಡಿಯಿರಿ, ಹೊರಡುವ ಮೂರು ಗಂಟೆ ಮುಂಚೆ ಕಡಿಮೆ ಮಾಡಿ. ಹತ್ತುವ ಮೊದಲು ಒಮ್ಮೆ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ಮೂತ್ರ ಮಾಡಿ. ದಾರಿಯಲ್ಲಿ ಬಾಯಿ ಒಣಗಿದರೆ ಒಂದು ಗುಟುಕು. ಕಂಡಕ್ಟರಿಗೆ ಮೊದಲೇ ಹೇಳಿಡಿ. ಸಾಧ್ಯವಾದರೆ ಶೌಚಾಲಯವಿರುವ ರೈಲೇ ವಾಸಿ.

ಮೂತ್ರದಲ್ಲಿ ರಕ್ತ, ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು, ಮೂತ್ರ ಕಟ್ಟುವುದು ಕಂಡರೆ ಕೆರಳಿಕೆ ಎಂದು ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಆಂಟಿಬಯೋಟಿಕ್ ಶುರುವಾಗುವ ಮುನ್ನ ಕಲ್ಚರ್‌ಗೆ ಮೂತ್ರ ಕೊಡಿ: ಮೊದಲ ಭಾಗ ಬಿಟ್ಟು, ನಡುವಿನದನ್ನು ಮಾತ್ರ ಶುದ್ಧ ಡಬ್ಬಿಯಲ್ಲಿ ಹಿಡಿಯಬೇಕು.